ತುಮಕೂರಿನಲ್ಲಿ ಪಿಯಾನೊ–ವಯೊಲಿನ್ ಕಛೇರಿ: ಮೊದಲು ಸಭಾಂಗಣದ ಸದ್ದು ಕೇಳಿಸಿಕೊಳ್ಳಿ

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ಸಂಗೀತ ಬಳಗ. ಇಷ್ಟು ವರ್ಷ ಕರ್ನಾಟಕ ಸಂಗೀತದ ಕಛೇರಿಗಳನ್ನೇ ಮಾಡಿಸಿಕೊಂಡು ಬಂದಿದ್ದೇವೆ. ಈ ಸಲ ಬೆಂಗಳೂರಿನ ಒಬ್ಬ ಪಿಯಾನೊ ವಾದಕಿ ಮತ್ತು ಒಬ್ಬ ವಯೊಲಿನ್ ವಾದಕರು ಈಚಿನ ಕಾಲದ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ನುಡಿಸಲು ಒಪ್ಪಿದ್ದಾರೆ. ಸುಮಾರು 200 ಆಸನಗಳ ಕಾಲೇಜು ಸಭಾಂಗಣ ಸಿಗುತ್ತದೆ. ಪರಿಚಯದ ಶಾಲೆಯಲ್ಲೊಂದು ಹಳೆಯ ಪಿಯಾನೊ ಇದೆ, ಅದು ಸಾಕೇ? ಬೆಂಗಳೂರಿನಿಂದ ಬಾಡಿಗೆಗೆ ತರಿಸಬೇಕೇ? ಮೈಕ್ ಎಷ್ಟು ಬೇಕು? ಕೃತಿಗಳ ಆಯ್ಕೆಯಲ್ಲಿ ನಾವು ಏನಾದರೂ ಹೇಳಬಹುದೇ? ಇಂಥ ಸಂಗೀತ ಕೇಳಿ ಅಭ್ಯಾಸವಿಲ್ಲದ ನಮ್ಮ ಜನ ಕೂತು ಕೇಳುತ್ತಾರೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಕೇಳುತ್ತಾರೆ. ಮೂರು ಗಂಟೆ ಅಲುಗಾಡದೆ ಕೂತು ರಾಗ–ತಾನ–ಪಲ್ಲವಿ ಕೇಳುವವರಿಗೆ ಒಂದೂಕಾಲು ಗಂಟೆಯ ಪಿಯಾನೊ–ವಯೊಲಿನ್ ಭಾರವಾಗುವುದಿಲ್ಲ. ನಮ್ಮ ಊರುಗಳಲ್ಲಿ ಇಂಥ ಕಾರ್ಯಕ್ರಮ ಕೆಡುವುದು ಸಂಗೀತ ಅರ್ಥವಾಗದೆ ಅಲ್ಲ, ಕಿವಿಗೆ ತಲುಪದೆ. ಕಳೆದ ಎಂಬತ್ತು–ತೊಂಬತ್ತು ವರ್ಷಗಳ ಪಾಶ್ಚಾತ್ಯ ಕೃತಿಗಳಲ್ಲಿ ಬಹಳಷ್ಟು ಕೆಲಸ ನಡೆಯುವುದು ಸ್ವರ ಹುಟ್ಟಿದ ಮೇಲೆ ಅದು ಕರಗಿ ಹೋಗುವ ಹೊತ್ತಿನಲ್ಲಿ. ಆ ನಾಲ್ಕೈದು ಸೆಕೆಂಡುಗಳನ್ನು ಫ್ಯಾನು ನುಂಗಿಬಿಟ್ಟರೆ ಉಳಿಯುವುದು ಅಲ್ಲೊಂದು ಇಲ್ಲೊಂದು ಸ್ವರ. ಆಗ ಜನ ‘ಇದೇನೋ ನಮಗೆ ತಿಳಿಯೋಲ್ಲಪ್ಪ’ ಎಂದು ಎದ್ದು ಹೋದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ಸಭಾಂಗಣದ ಸದ್ದನ್ನು ಮೊದಲು ನೋಡಿಕೊಳ್ಳಿ, ಆಮೇಲೆ ಪಿಯಾನೊ, ಅವೆರಡೂ ತಿಳಿದ ಮೇಲೆ ಕೃತಿಗಳ ಮಾತು. ಸಾಮಾನ್ಯವಾಗಿ ಇದು ತಿರುವುಮುರುವಾಗಿ ನಡೆಯುತ್ತದೆ. ಕೃತಿಗಳನ್ನು ಮುದ್ರಿಸಿ ಹಂಚಿಯಾದ ಮೇಲೆ ಪಿಯಾನೊ ಹುಡುಕುತ್ತಾರೆ, ಫ್ಯಾನಿನ ವಿಚಾರ ಕಾರ್ಯಕ್ರಮದ ದಿನ ಸಂಜೆ ನೆನಪಾಗುತ್ತದೆ.

ಕಛೇರಿ ವಾರದ ಯಾವ ದಿನ, ಎಷ್ಟು ಹೊತ್ತಿಗೋ ವಾರದ ಅದೇ ದಿನ ಅದೇ ಹೊತ್ತಿಗೆ, ಒಂದು ತಿಂಗಳು ಮುಂಚೆ, ಇಬ್ಬರು ಹೋಗಿ ಸಭಾಂಗಣದ ಕೊನೆಯ ಸಾಲಿನಲ್ಲಿ ಒಂದು ಗಂಟೆ ಸುಮ್ಮನೆ ಕೂತುಕೊಳ್ಳಿ. ಎಲ್ಲ ಬಾಗಿಲು ಹಾಕಿ, ಎಲ್ಲ ಸ್ವಿಚ್ ಆರಿಸಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಡಿ. ಆ ಒಂದು ಗಂಟೆಯಲ್ಲಿ ಕೇಳಿಸುವುದನ್ನೆಲ್ಲ ಸಮಯದ ಸಮೇತ ಬರೆದುಕೊಳ್ಳಿ: ಬಿ.ಎಚ್. ರಸ್ತೆಯ ಹಾರ್ನ್, ಬೆಂಗಳೂರು–ಅರಸೀಕೆರೆ ಮಾರ್ಗದ ರೈಲಿನ ಕೂಗು, ಸಂಜೆಯ ಆಜಾನ್, ದೇವಸ್ಥಾನದ ಮೈಕು, ಹಾಸ್ಟೆಲ್ಲಿನ ನೀರಿನ ಪಂಪು, ಕಾರಿಡಾರಿನ ವಾಟರ್ ಕೂಲರ್, ಹಳೆಯ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಟ್ಟುವುದು. ಇವುಗಳಲ್ಲಿ ಅರ್ಧವನ್ನು ನೀವೇ ನಿಲ್ಲಿಸಬಹುದು. ಕೂಲರ್ ಪ್ಲಗ್ ಕಿತ್ತಿಡಬಹುದು, ಪಂಪನ್ನು ಎರಡು ಗಂಟೆ ಮುಂಚೆಯೇ ಓಡಿಸಲು ಹೇಳಬಹುದು. ಉಳಿದವಕ್ಕೆ ಹೊತ್ತನ್ನು ಹೊಂದಿಸಿಕೊಳ್ಳಬೇಕು. ಸಂಜೆ 6ಕ್ಕೆ ಶುರುಮಾಡುವ ಬದಲು 6.45ಕ್ಕೆ ಶುರುಮಾಡಿದರೆ ಮುಸ್ಸಂಜೆಯ ಆಜಾನ್, ಮಂಗಳಾರತಿ ಎರಡೂ ಮುಗಿದಿರುತ್ತವೆ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ನೋಡಿ. ಮೆಲ್ಲನೆಯ ಸದ್ದನ್ನು ಅದು ಕರಾರುವಾಕ್ಕಾಗಿ ಅಳೆಯದು, ಆದರೆ ಫ್ಯಾನ್ ಓಡುವಾಗ ಎಷ್ಟು, ನಿಂತಾಗ ಎಷ್ಟು ಎಂಬ ಅಂತರ ಗೊತ್ತಾಗುತ್ತದೆ. ಎಲ್ಲ ಆರಿಸಿದ ಮೇಲೆ 35 ಡೆಸಿಬೆಲ್‌ಗಿಂತ ಕೆಳಗಿದ್ದರೆ ನಿಮ್ಮ ಸಭಾಂಗಣ ಚೆನ್ನಾಗಿದೆ. 45 ದಾಟಿದರೆ ಮುಂದೆ ಹೇಳುವ ಮೆಲುದನಿಯ ಕೃತಿಗಳನ್ನು ಕೈಬಿಡಿ, ಇಲ್ಲವೇ ಬೇರೆ ಜಾಗ ನೋಡಿ.

ಫ್ಯಾನ್ ನಿಲ್ಲಿಸಬೇಕೆಂದರೆ ಚಳಿಗಾಲವೇ ಆಗಬೇಕು. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಸಂಜೆ ಏಳರ ಹೊತ್ತಿಗೆ ಫ್ಯಾನಿಲ್ಲದೆ 200 ಜನ ಕೂರಬಹುದು. ಮಾರ್ಚ್ ಬಂದರೆ ಆಗದು. ಧನುರ್ಮಾಸಕ್ಕೆ ಇನ್ನೊಂದು ಅನುಕೂಲವಿದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಮದುವೆಗಳು ನಡೆಯುವುದಿಲ್ಲವಾದ್ದರಿಂದ ಪಕ್ಕದ ಕಲ್ಯಾಣ ಮಂಟಪದ ವಾಲಗ, ಪಟಾಕಿ, ಮೆರವಣಿಗೆಯ ಕಾಟವಿಲ್ಲ. ಅಯ್ಯಪ್ಪ ಭಜನೆ ಹತ್ತಿರದಲ್ಲಿ ಎಲ್ಲಾದರೂ ನಡೆಯುತ್ತದೆಯೇ ಎಂದು ಮಾತ್ರ ವಿಚಾರಿಸಿಕೊಳ್ಳಿ. ನಡೆಯುವುದಾದರೆ ಗುರುಸ್ವಾಮಿಗಳ ಹತ್ತಿರ ಮೊದಲೇ ಮಾತಾಡಿ, ಒಂದು ದಿನದ ಮಟ್ಟಿಗೆ ಹೊತ್ತು ಹಿಂದುಮುಂದು ಮಾಡಿಕೊಳ್ಳಿರೆಂದು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಜನ ಒಳಗೆ ಬರುವಾಗ ಫ್ಯಾನ್ ಪೂರ್ತಿ ಓಡಲಿ, ಕಿಟಕಿ ತೆರೆದಿರಲಿ. ಕಲಾವಿದರು ವೇದಿಕೆಗೆ ಬರುವ ಎರಡು ನಿಮಿಷ ಮುಂಚೆ ಎಲ್ಲ ನಿಲ್ಲಿಸಿ ಕಿಟಕಿ ಮುಚ್ಚಿ. ವಿರಾಮದಲ್ಲಿ ಮತ್ತೆ ತೆರೆಯಿರಿ. ಈ ಕೆಲಸಕ್ಕೆಂದೇ ಒಬ್ಬರನ್ನು ಗೊತ್ತುಮಾಡಿ, ಬೇರೆ ಏನನ್ನೂ ಅವರಿಗೆ ಒಪ್ಪಿಸಬೇಡಿ.

ಕರೆಂಟಿನ ವಿಷಯ. ಪಿಯಾನೊಗೂ ವಯೊಲಿನ್‌ಗೂ ಕರೆಂಟ್ ಬೇಡ, ಬೆಳಕಿಗಷ್ಟೇ ಬೇಕು. ಆದರೆ ಕರೆಂಟ್ ಹೋದ ಕೂಡಲೇ ಕಾಲೇಜಿನ ಜನರೇಟರ್ ತಾನಾಗಿ ಗುಡುಗಲು ಶುರುವಾದರೆ ಆ ಕೃತಿ ಅಲ್ಲಿಗೆ ಮುಗಿದಂತೆ. ವೇದಿಕೆಗೆ ತಲಾ 50 ವಾಟ್‌ನ ನಾಲ್ಕು ಎಲ್‌ಇಡಿ ದೀಪ, ಸ್ವರಹಾಳೆ ಕಾಣಲು ಎರಡು ಚಿಕ್ಕ ದೀಪ, ಎಲ್ಲ ಸೇರಿ 250 ವಾಟ್ ಒಳಗೇ ಮುಗಿಯುತ್ತದೆ. ಮನೆಯಲ್ಲಿ ಬಳಸುವ ಇನ್ವರ್ಟರಿಗೆ 12 ವೋಲ್ಟಿನ, 150 ಎಎಚ್ ಬ್ಯಾಟರಿ ಹಾಕಿದರೆ ಲೆಕ್ಕದಲ್ಲಿ 1,800 ವಾಟ್‌ಅವರ್ ಇರುತ್ತದೆ. ಅರ್ಧವನ್ನೇ ಬಳಸಿಕೊಂಡರೂ ಮೂರು ಗಂಟೆ ಬರುತ್ತದೆ. ಇನ್ವರ್ಟರನ್ನು ಪಕ್ಕದ ಕೋಣೆಯಲ್ಲಿಟ್ಟು ವೈರ್ ಎಳೆಯಿರಿ, ಅದಕ್ಕೂ ಒಂದು ಗುಂಯ್ ಇದೆ. ಜನರೇಟರನ್ನು ಆ ಒಂದೂವರೆ ಗಂಟೆ ತಾನಾಗಿ ಚಾಲೂ ಆಗದಂತೆ ಇಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಬಾಗಿಲ ಬಳಿ, ಮೆಟ್ಟಿಲ ಬಳಿ ಬ್ಯಾಟರಿಯ ದೀಪ ಇರಲೇಬೇಕು.

ಇನ್ನು ಪಿಯಾನೊ. ಶಾಲೆಯಲ್ಲಿರುವುದು ಗೋಡೆಗೆ ಒರಗಿಸಿಡುವ ಅಪ್‌ರೈಟ್ ಎಂದುಕೊಳ್ಳುತ್ತೇನೆ. ಅದನ್ನು ನೀವೇ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಫೋನಿನ ಟ್ಯೂನರ್ ಆ್ಯಪ್ ತೆರೆದು, ನಡುವಿನ ಸಿ ಕೀಯ ಬಲಕ್ಕೆ ಮೊದಲು ಸಿಗುವ ಎ ಕೀ ಒತ್ತಿ (ಪಾಶ್ಚಾತ್ಯರಲ್ಲಿ ಸ್ವರಗಳಿಗೆ ಎ, ಬಿ, ಸಿ ಎಂದೇ ಹೆಸರು). 440 ಹರ್ಟ್ಸ್ ಆಸುಪಾಸು ಬಂದರೆ ಪಿಯಾನೊಗೆ ಜೀವವಿದೆ. 430 ಅಥವಾ ಅದಕ್ಕಿಂತ ಕೆಳಗಿದ್ದರೆ ಅರ್ಧ ಸ್ವರದ ಸುಮಾರು ಐದರಲ್ಲಿ ಎರಡು ಭಾಗ ಇಳಿದಿದೆ ಎಂದರ್ಥ. ಒಂದೇ ದಿನದಲ್ಲಿ ಅಷ್ಟನ್ನೂ ಏರಿಸಿದರೆ ತುಕ್ಕು ಹಿಡಿದ ತಂತಿಗಳು ತುಂಡಾಗುತ್ತವೆ, ತುಂಡಾಗದೆ ಉಳಿದವು ಎರಡೇ ದಿನಕ್ಕೆ ಕೆಳಗಿಳಿಯುತ್ತವೆ. ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಶ್ರುತಿ ಮಾಡಿಸಬೇಕಾಗುತ್ತದೆ. ಆಮೇಲೆ 88 ಕೀಗಳನ್ನೂ ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡಿ. ಮಳೆಗಾಲದಲ್ಲಿ ಉಬ್ಬಿ ಅಂಟಿಕೊಂಡ ಕೀ, ಬಿಟ್ಟ ಮೇಲೂ ಮೊಳಗುತ್ತಲೇ ಇರುವ ತಂತಿ, ಹುಳು ತಿಂದ ಫೆಲ್ಟ್, ಕಿರುಗುಟ್ಟುವ ಪೆಡಲ್ ಇವೆಲ್ಲ ಇದ್ದಾವೆಯೇ ನೋಡಿ. ಬಲಗಡೆಯ ಪೆಡಲ್ ಒತ್ತಿ ಬಿಡುವಾಗ ‘ಟಕ್’ ಎಂದರೆ ಆ ಟಕ್ ಪ್ರತಿ ನಿಮಿಷಕ್ಕೆ ಹತ್ತು ಸಲ ಕೇಳಿಸಲಿದೆ ಎಂದು ಲೆಕ್ಕ ಹಾಕಿಕೊಳ್ಳಿ.

ಚೆನ್ನಾಗಿರುವ ಅಪ್‌ರೈಟ್ ಸಿಕ್ಕರೂ ಇಂಥ ಕಛೇರಿಗೆ ತಂತಿಗಳು ಅಡ್ಡಲಾಗಿ ಮಲಗಿರುವ ಗ್ರ್ಯಾಂಡ್ ಪಿಯಾನೊ ತರಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಖರ್ಚು ಹೆಚ್ಚಾದರೂ. ಅಪ್‌ರೈಟಿನಲ್ಲಿ ಧ್ವನಿಫಲಕ, ಅಂದರೆ ತಂತಿಗಳ ಸದ್ದನ್ನು ಹಿಗ್ಗಿಸುವ ಮರದ ಹಲಗೆ, ಹಿಂದಕ್ಕೆ ತಿರುಗಿರುತ್ತದೆ, ವಾದಕಿ ಪಿಯಾನೊಗೆ ಮುಖ ಮಾಡಿ ಕೂತರೆ ಜೊತೆಗಾರರ ಕಮಾನು ಕಾಣುವುದಿಲ್ಲ. ಈ ಸಂಗೀತದಲ್ಲಿ ತಾಳ ಹಾಕುವವರಿಲ್ಲ. ದೀರ್ಘ ಮೌನದ ಆಚೆ ಇಬ್ಬರೂ ಒಟ್ಟಿಗೆ ಹಿಡಿಯುವುದು ಉಸಿರು ಮತ್ತು ಕಮಾನಿನ ಚಲನೆ ನೋಡಿಕೊಂಡೇ.

ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್, ರಸ್ತೆ ಚೆನ್ನಾಗಿದೆ. ಆದರೆ ಪಿಯಾನೊ ಕೆಡುವುದು ಹೆದ್ದಾರಿಗಿಂತ ಹೆಚ್ಚಾಗಿ ಕೊನೆಯ 70 ಅಡಿಯಲ್ಲಿ. 1.86 ಮೀಟರ್ ಉದ್ದದ ಯಮಾಹಾ ಸಿ3 ಅಳತೆಯದಕ್ಕೆ ಸುಮಾರು 320 ಕೆ.ಜಿ. ತೂಕ. ಪೆಡಲ್ ಕಟ್ಟು, ಕಾಲುಗಳನ್ನು ಬಿಚ್ಚಿ, ಉದ್ದನೆಯ ನೇರ ಅಂಚು ಕೆಳಗೆ ಬರುವಂತೆ ಹಲಗೆಯ ಮೇಲೆ ನಿಲ್ಲಿಸಿ, ಕಂಬಳಿ ಸುತ್ತಿ, ಪಟ್ಟಿಯಲ್ಲಿ ಬಿಗಿದು ತರುತ್ತಾರೆ. ಹಾಗೆ ನಿಂತಾಗ ಎತ್ತರ ಸುಮಾರು ಒಂದೂವರೆ ಮೀಟರ್. ಬಾಗಿಲಿನ ಅಗಲ, ಕಾರಿಡಾರಿನ ತಿರುವು, ವೇದಿಕೆಯ ಎತ್ತರ, ಪಕ್ಕದ ಮೆಟ್ಟಿಲಿನ ಅಗಲ ಎಲ್ಲವನ್ನೂ ಟೇಪ್ ಹಿಡಿದು ಅಳೆದು ಫೋಟೊ ಸಮೇತ ಬಾಡಿಗೆಯವರಿಗೆ ಮೊದಲೇ ಕಳಿಸಿ. ನಮ್ಮ ಕಾಲೇಜು ವೇದಿಕೆಗಳ ಪಕ್ಕದ ಮೆಟ್ಟಿಲು ಬಹಳ ಕಿರಿದು. ಎದುರಿನಿಂದಲೇ ಹತ್ತಿಸಬೇಕಾದೀತು, ಅದಕ್ಕೆ ಗಟ್ಟಿಯಾದ ಇಳಿಜಾರು ಹಲಗೆ ಬೇಕು. ಅನುಭವವಿರುವ ಐದಾರು ಜನ ಅವರ ಕಡೆಯಿಂದಲೇ ಬರಲಿ. ಬಳಗದ ಹುಡುಗರು ಉತ್ಸಾಹದಿಂದ ಕೈಹಾಕುವುದು ಬೇಡ. ವೇದಿಕೆ ಮರದ್ದಾದರೆ ಮೂರು ಕಾಲಿಗೂ ತಲಾ ನೂರು ಕೆ.ಜಿ.ಗಿಂತ ಹೆಚ್ಚು ಭಾರ ಬೀಳುತ್ತದೆ, ಪ್ರತಿ ಗಾಲಿಯ ಕೆಳಗೂ ಒಂದಡಿ ಚೌಕದ 18 ಮಿಲಿಮೀಟರ್ ಪ್ಲೈವುಡ್ ತುಂಡು ಇಡಿ. ಬಾಡಿಗೆ ಮಾತಾಡುವಾಗ ಹೋಗಿಬರುವ ಸಾಗಣೆ, ಎತ್ತುವ ಕೂಲಿ, ಎರಡು ಸಲದ ಶ್ರುತಿ, ಶ್ರುತಿ ಮಾಡುವವರ ವಾಸ್ತವ್ಯ, ವಿಮೆ ಇವೆಲ್ಲ ಒಂದೇ ಮೊತ್ತದಲ್ಲಿ ಸೇರಿವೆಯೇ ಎಂದು ಬರಹದಲ್ಲಿ ಪಡೆಯಿರಿ. ಹೇಳದೆ ಬಿಟ್ಟದ್ದೆಲ್ಲ ಕೊನೆಗೆ ಬೇರೆ ಬಿಲ್ಲಾಗುತ್ತದೆ.

ಶ್ರುತಿಯ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲೇ ಅತಿ ಹೆಚ್ಚು ಎಡವುತ್ತಾರೆ. ಪಿಯಾನೊದಲ್ಲಿ ಸುಮಾರು 230 ತಂತಿಗಳು, ಒಟ್ಟು ಬಿಗುವು 15ರಿಂದ 20 ಟನ್. ನಡು ಮತ್ತು ಮೇಲಿನ ಸ್ಥಾಯಿಗಳಲ್ಲಿ ಒಂದೊಂದು ಕೀಗೆ ಮೂರು ಮೂರು ತಂತಿ. ಆ ಮೂರೂ ಕೂದಲೆಳೆಯಷ್ಟೂ ಬೇರೆಯಾಗದೆ ಒಂದೇ ಆಗಿ ಕೇಳಬೇಕು. ಜಾಗ ಬದಲಾದಾಗ ತೇವಾಂಶ ಬದಲಾಗುತ್ತದೆ, ಧ್ವನಿಫಲಕದ ಮರ ಉಬ್ಬುತ್ತದೆ ಅಥವಾ ಸೊರಗುತ್ತದೆ, ತಂತಿಗಳ ಬಿಗುವು ಅದರ ಹಿಂದೆ ಹೋಗುತ್ತದೆ. ತುಂಬ ಸ್ವರ ಒಟ್ಟಿಗೆ ಓಡುವ ಹಳೆಯ ಕೃತಿಗಳಲ್ಲಿ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ. ಒಂದೇ ಸ್ವರ ಹತ್ತು ಸೆಕೆಂಡ್ ನಿಲ್ಲುವ ಈ ಕೃತಿಗಳಲ್ಲಿ ಅದು ಅಲೆಯಲೆಯಾಗಿ ನಡುಗುವುದು ಕೊನೆಯ ಸಾಲಿಗೂ ಕೇಳುತ್ತದೆ.

ಹಾಗಾಗಿ ಪಿಯಾನೊ ಹಿಂದಿನ ದಿನ ಮಧ್ಯಾಹ್ನದೊಳಗೆ ವೇದಿಕೆಯ ಮೇಲಿರಲಿ. ರಾತ್ರಿ ಮುಚ್ಚಿ, ಹೊದಿಕೆ ಹಾಕಿ ಬಿಡಿ. ಮರುದಿನ ಬೆಳಗ್ಗೆ ಎರಡು ಎರಡೂವರೆ ಗಂಟೆ ಪೂರ್ತಿ ಶ್ರುತಿ, ಆಮೇಲೆ ಕಲಾವಿದರ ಅಭ್ಯಾಸ, ಅಭ್ಯಾಸ ಮುಗಿದ ಮೇಲೆ ಮತ್ತೆ ಮುಕ್ಕಾಲು ಗಂಟೆಯ ತಿದ್ದುಪಡಿ. ಶ್ರುತಿ ಮಾಡುವಾಗ ವೇದಿಕೆಯ ದೀಪಗಳು ಸಂಜೆ ಇರುವ ಹಾಗೆಯೇ ಉರಿಯುತ್ತಿರಲಿ. ಹಳೆಯ ಸಾವಿರ ವಾಟ್ ದೀಪಗಳ ಬಿಸಿ ಒಂದು ಗಂಟೆಯಲ್ಲಿ ಶ್ರುತಿಯನ್ನು ಜರುಗಿಸುತ್ತದೆ, ಎಲ್‌ಇಡಿಗೆ ಆ ತೊಂದರೆ ಇಲ್ಲ. ಆ ಹೊತ್ತಿನಲ್ಲಿ ಸಭಾಂಗಣದಲ್ಲಿ ಬೇರೆ ಒಂದೇ ಒಂದು ಸದ್ದೂ ಇರಕೂಡದು. ಕುರ್ಚಿ ಎಳೆಯುವುದು, ಕಸ ಗುಡಿಸುವುದು, ‘ಹಲೋ ಮೈಕ್ ಟೆಸ್ಟಿಂಗ್’ ಎಲ್ಲ ಅದಕ್ಕೂ ಮುಂಚೆ ಇಲ್ಲವೇ ನಂತರ. ಎ ಸ್ವರ 440ಕ್ಕೋ 442ಕ್ಕೋ ಎಂದು ವಯೊಲಿನ್ ವಾದಕರನ್ನು ಕೇಳಿ, ಅದನ್ನು ಶ್ರುತಿ ಮಾಡುವವರಿಗೆ ಹಿಂದಿನ ವಾರವೇ ತಿಳಿಸಿ.

ವೇದಿಕೆಯ ಮೇಲೆ ಕೀಗಳು ಸಭಿಕರ ಎಡಕ್ಕೆ ಬರಲಿ, ಮುಚ್ಚಳ ಸಭೆಯ ಕಡೆ ತೆರೆದುಕೊಳ್ಳಲಿ. ವಯೊಲಿನ್ ವಾದಕರು ಪಿಯಾನೊದ ಬಾಗಿದ ಒಡಲಿನ ಮುಂದೆ ನಿಲ್ಲುತ್ತಾರೆ. ವೇದಿಕೆಯ ಹಿಂದೆ ದಪ್ಪ ಪರದೆ ಇದ್ದರೆ ಸರಿಸಿ, ಗೋಡೆ ಕಾಣಲಿ. ಪರದೆ ಹೀರಿಕೊಂಡ ಧ್ವನಿ ಸಭೆಗೆ ವಾಪಸ್ ಬರುವುದಿಲ್ಲ. ಸರಿಸಲು ಆಗದಿದ್ದರೆ ಎಂಟಡಿ–ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಲಗೆಗಳನ್ನು ಐದಾರು, ಅಲುಗದಂತೆ ಆನಿಕೆ ಕೊಟ್ಟು, ಕಲಾವಿದರ ಹಿಂದೆ ಅರ್ಧವೃತ್ತದಲ್ಲಿ ನಿಲ್ಲಿಸಿ. ತೆಳ್ಳಗಿನ 6 ಮಿಲಿಮೀಟರ್ ಹಲಗೆ ಬೇಡ, ಅದು ತಾನೇ ಕಂಪಿಸಿ ಮಂದ್ರ ಸ್ವರಗಳನ್ನು ತಿಂದುಹಾಕುತ್ತದೆ. ಶಾಮಿಯಾನದವರ ಕೆಂಪು ಕಾರ್ಪೆಟ್ ಹಾಸಬೇಡಿ. ಕಡಪ ಕಲ್ಲು, ಟೈಲ್ಸ್ ಹಾಕಿದ ಎತ್ತರದ ಸಭಾಂಗಣವಾದರೆ ಖಾಲಿಯಿರುವಾಗ ಚಪ್ಪಾಳೆ ತಟ್ಟಿದರೆ ಮೂರು ಸೆಕೆಂಡ್ ಮೊಳಗಬಹುದು, ಹೆದರಬೇಡಿ. 200 ಜನ ಕೂತರೆ ಅದು ಬಹಳ ಇಳಿಯುತ್ತದೆ. ಒಂದೂವರೆ ಸೆಕೆಂಡಿನ ಆಸುಪಾಸಿಗೆ ಬಂದರೆ ಇಂಥ ಸಂಗೀತಕ್ಕೆ ಹಿತ.

ಮೈಕ್ ಬೇಡ. 200 ಆಸನಕ್ಕೆ ಗ್ರ್ಯಾಂಡ್ ಪಿಯಾನೊ, ವಯೊಲಿನ್ ತಾವಾಗಿಯೇ ಸಾಕಷ್ಟು ಕೇಳುತ್ತವೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಿಟೀಲಿಗೆ ಮೈಕ್ ಹಚ್ಚುವುದು ರೂಢಿಯಾಗಿರುವುದರಿಂದ ಮೈಕ್‌ಸೆಟ್‌ನವರು ಹಚ್ಚಿಯೇ ಹಚ್ಚುತ್ತಾರೆ, ಬೇಡವೆಂದು ನೀವೇ ನಿಂತು ಹೇಳಬೇಕು. ಸ್ಪೀಕರಿನಿಂದ ಬಂದ ಕೂಡಲೇ ಕಮಾನಿನ ಒತ್ತಡದ ಸೂಕ್ಷ್ಮವೆಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ನಿರೂಪಣೆಗೆ ಒಂದು ಮೈಕ್ ಇರಲಿ, ಮಾತು ಮುಗಿದ ಕೂಡಲೇ ಆಂಪ್ಲಿಫೈಯರನ್ನೇ ಆರಿಸಲಿ. ಧ್ವನಿಮುದ್ರಣ ಬೇಕಾದರೆ ಒಂದು ಜೊತೆ ಮೈಕನ್ನು ಎತ್ತರದ ಸ್ಟ್ಯಾಂಡಿನಲ್ಲಿ, ನೆಲದಿಂದ ಎರಡೂವರೆ ಮೂರು ಮೀಟರ್ ಮೇಲೆ, ವಾದ್ಯಗಳಿಂದ ಎರಡು ಮೂರು ಮೀಟರ್ ಮುಂದೆ ಇಟ್ಟರೆ ಸಾಕು.

ಈಗ ಕೃತಿಗಳು. ಆಯ್ಕೆ ಕಲಾವಿದರದ್ದೇ, ಆದರೆ ನಿಮ್ಮ ಸಭಾಂಗಣ, ಪಿಯಾನೊ ಎರಡರ ಸ್ಥಿತಿ ತಿಳಿಸಿ ಅವರೊಡನೆ ಕೂತು ಕ್ರಮ ಮಾತಾಡುವುದು ನಿಮ್ಮ ಹಕ್ಕು, ಅವರಿಗೂ ಅದು ಬೇಕು. ಮೊದಲ ಸಲ ಕೇಳುವ ಸಭೆಗೆ ನನಗೆ ಸರಿಯೆನಿಸುವ ಒಂದು ಕ್ರಮವನ್ನು ಹೇಳುತ್ತೇನೆ. ಸಂಗೀತವೇ ಸುಮಾರು 65 ನಿಮಿಷ, ನಡುವೆ 15 ನಿಮಿಷ ವಿರಾಮ.

ಶುರುವಿಗೆ ಫ್ರಾನ್ಸಿನ ಒಲಿವಿಯೆ ಮೆಸಿಯಾಂ ಅವರ ‘ಥೀಮ್ ಎ ವೇರಿಯಾಸಿಯೋಂ’, 1932ರದು, ಹತ್ತು ನಿಮಿಷ. ಪತ್ನಿ, ವಯೊಲಿನ್ ವಾದಕಿ ಕ್ಲೇರ್ ದೆಲ್ಬೊ ಅವರಿಗೆ ಮದುವೆಯ ಉಡುಗೊರೆಯಾಗಿ ಬರೆದದ್ದು. ಒಂದು ಮುಖ್ಯ ರಾಗಭಾಗ, ಅದನ್ನೇ ಐದು ಬಗೆಯಲ್ಲಿ ಬೆಳೆಸುವುದು. ನಮ್ಮವರಿಗೆ ಈ ಕಟ್ಟಣೆ ತಕ್ಷಣ ಹಿಡಿಯುತ್ತದೆ. ಎರಡನೆಯದು ಅಮೆರಿಕದ ಜಾನ್ ಕೇಜ್ ಅವರ ‘ಸಿಕ್ಸ್ ಮೆಲೊಡೀಸ್’, 1950ರದು, ಹದಿಮೂರು ನಿಮಿಷದಷ್ಟು. ಕೇಜ್ 1946ರಲ್ಲಿ ನ್ಯೂಯಾರ್ಕಿನಲ್ಲಿ ಭಾರತದಿಂದ ಹೋಗಿದ್ದ ಸಂಗೀತಗಾರ್ತಿ ಗೀತಾ ಸಾರಾಭಾಯಿ ಅವರಿಂದ ಭಾರತೀಯ ಸಂಗೀತದ ವಿಚಾರ ಕಲಿತವರು. ಮನಸ್ಸನ್ನು ತಿಳಿಗೊಳಿಸುವುದೇ ಸಂಗೀತದ ಕೆಲಸ ಎಂಬ ಮಾತು ಅವರಿಗೆ ಸಿಕ್ಕಿದ್ದು ಅಲ್ಲಿಂದ. ಇದರಲ್ಲಿ ವಯೊಲಿನ್ ಸ್ವರವನ್ನು ಅಲುಗಿಸದೆ, ಗಮಕದ ಸೋಂಕೂ ಇಲ್ಲದೆ, ಕಮಾನಿನ ಭಾರ ತೀರ ಕಡಿಮೆ ಹಾಕಿ ನುಡಿಸಬೇಕೆಂಬ ಸೂಚನೆ ಇದೆ. ಇಡೀ ಸಂಜೆಯಲ್ಲಿ ಅತ್ಯಂತ ಮೆಲುದನಿಯದು ಇದೇ. ತಡವಾಗಿ ಬಂದವರು ಮೆಸಿಯಾಂ ಮುಗಿದಾಗ ಒಳಗೆ ಬಂದು ಕೂತಿರುತ್ತಾರೆ, ಸಭೆ ನೆಲೆಗೊಂಡಿರುತ್ತದೆ, ಆದ್ದರಿಂದ ಎರಡನೆಯ ಜಾಗ. ಕರ್ನಾಟಕ ಪಿಟೀಲು ಕೇಳಿದ ಕಿವಿಗೆ ಈ ಬೋಳು ಸ್ವರ ಮೊದಲು ವಿಚಿತ್ರವೆನಿಸಬಹುದು, ಮುಂಚಿತವಾಗಿ ಒಂದು ಮಾತು ಹೇಳಿ.

ಮೂರನೆಯದು ಎಸ್ಟೋನಿಯಾದ ಆರ್ವೊ ಪ್ಯಾರ್ಟ್ ಅವರ ‘ಫ್ರಾಟ್ರೆಸ್’. 1977ರಲ್ಲಿ ಹುಟ್ಟಿದ ಈ ಕೃತಿಗೆ 1980ರಲ್ಲಿ ವಯೊಲಿನ್–ಪಿಯಾನೊ ರೂಪ ಬಂತು, ಹನ್ನೊಂದು ನಿಮಿಷದಷ್ಟಿದೆ. ವಯೊಲಿನ್ ಒಂಟಿಯಾಗಿ, ಕೇಳಿಸಿಯೂ ಕೇಳಿಸದಂತೆ, ನಾಲ್ಕು ತಂತಿಗಳ ಮೇಲೂ ವೇಗವಾಗಿ ಕಮಾನು ಹಾಯಿಸುತ್ತ ಶುರುಮಾಡಿ ಏರುತ್ತದೆ, ಆಮೇಲೆ ಪಿಯಾನೊ. ನಡುನಡುವೆ ಪಿಯಾನೊದ ಕೆಳಗಿನ ಸ್ಥಾಯಿಯಲ್ಲಿ ಎ ಮತ್ತು ಇ ಸ್ವರಗಳು ನಿಲ್ಲುತ್ತವೆ, ಅಂದರೆ ತಂಬೂರಿಯ ಷಡ್ಜ–ಪಂಚಮ. ಇದನ್ನು ಮುಂಚೆ ಹೇಳಿಬಿಟ್ಟರೆ ನಿಮ್ಮ ಸಭೆ ಅದನ್ನು ಹಿಡಿದುಕೊಂಡೇ ಇಡೀ ಕೃತಿಯನ್ನು ದಾಟುತ್ತದೆ.

ವಿರಾಮದ ನಂತರ ಜನ ಕಾಫಿ ಮುಗಿಸಿ ಇನ್ನೂ ಕೂರುತ್ತಿರುವಾಗ ಮೆಲುದನಿ ಕೆಲಸಕ್ಕೆ ಬಾರದು. ಆ ಜಾಗಕ್ಕೆ ಪೋಲೆಂಡಿನ ವಿಟೋಲ್ಡ್ ಲುಟೊಸ್ವಾವ್ಸ್ಕಿ ಅವರ ‘ಸುಬಿತೊ’, 1992ರದು, ಐದೇ ನಿಮಿಷ, ಎತ್ತಿದ ಕೂಡಲೇ ಸಭೆಯನ್ನು ಹಿಡಿಯುತ್ತದೆ. ಆಮೇಲೆ ಪ್ಯಾರ್ಟ್ ಅವರ ‘ಶ್ಪೀಗೆಲ್ ಇಮ್ ಶ್ಪೀಗೆಲ್’, 1978ರದು. ಪಿಯಾನೊ ಒಂದೇ ನಡೆಯಲ್ಲಿ ಮೂರು ಮೂರು ಸ್ವರ ಏರಿಸುತ್ತ ಹೋಗುತ್ತದೆ. ವಯೊಲಿನ್ ಎರಡೇ ಸ್ವರದಿಂದ ಹೊರಟು, ಪ್ರತಿ ಸಲವೂ ಒಂದೊಂದು ಸ್ವರ ಕೂಡಿಸಿಕೊಂಡು, ಮತ್ತೆ ಎ ಸ್ವರಕ್ಕೆ ಮರಳುತ್ತದೆ. ನೋಡಲು ಬಹಳ ಸುಲಭ, ನುಡಿಸಲು ಬಹಳ ಕಷ್ಟ. ಕಮಾನು ಎಳ್ಳಷ್ಟು ನಡುಗಿದರೂ ಮುಚ್ಚಿಡಲು ಜಾಗವಿಲ್ಲ.

ಕೊನೆಗೆ ಅಮೆರಿಕದ ಜಾನ್ ಆಡಮ್ಸ್ ಅವರ ‘ರೋಡ್ ಮೂವೀಸ್’, 1995ರದು, ಮೂರು ಭಾಗ, ಹದಿನಾರು ನಿಮಿಷದಷ್ಟು. ಲಯವೇ ಇದರ ಜೀವ. ಮೃದಂಗದ ತನಿ ಕೇಳಿ ತಲೆದೂಗುವವರು ಇದರ ಮೂರನೆಯ ಭಾಗಕ್ಕೆ ತಾವಾಗಿಯೇ ಬೆರಳು ಎಣಿಸುತ್ತಾರೆ. ಇಲ್ಲೊಂದು ಎಚ್ಚರ. ಎರಡನೆಯ ಭಾಗಕ್ಕೆ ವಯೊಲಿನ್‌ನ ಅತಿ ಕೆಳಗಿನ ಜಿ ತಂತಿಯನ್ನು ಎಫ್‌ಗೆ ಇಳಿಸಬೇಕು. ಕಲಾವಿದರು ಮೊದಲ ಭಾಗ ಮುಗಿಸಿ ಬಿರಡೆ ತಿರುವುತ್ತಾರೆ. ಇಳಿಸಿದ ತಂತಿ ಕೂಡಲೇ ನೆಲೆ ನಿಲ್ಲುವುದಿಲ್ಲ, ಮತ್ತೆ ಮೇಲಕ್ಕೆ ಜಗ್ಗುತ್ತದೆ, ಎರಡು ಮೂರು ಸಲ ತಿದ್ದಬೇಕಾಗುತ್ತದೆ. ಏನೋ ಕೆಟ್ಟಿತೆಂದು ಸ್ವಯಂಸೇವಕರು ನೀರಿನ ಬಾಟಲಿ ಹಿಡಿದು ವೇದಿಕೆಗೆ ಹತ್ತದಂತೆ ನೋಡಿಕೊಳ್ಳಿ. ಹೀಗೆ ಜಗ್ಗಿದ ವಯೊಲಿನ್ ಮುಂದಿನ ಕೃತಿಯಲ್ಲಿ ಸತಾಯಿಸುವುದರಿಂದಲೂ ಇದು ಕೊನೆಯಲ್ಲಿದ್ದರೆ ಒಳ್ಳೆಯದು. ಚಳಿಗಾಲದ ಒಣ ಗಾಳಿಗೆ ಬಿರಡೆ ಸೊರಗಿ ಜಾರುವುದೂ ಉಂಟು, ಹಾಗಾಗಿ ಬೆಂಗಳೂರಿನಿಂದ ಬಂದ ವಯೊಲಿನ್ ಮಧ್ಯಾಹ್ನದಿಂದಲೇ ಸಭಾಂಗಣದ ಗಾಳಿಯಲ್ಲಿ ಇರಲಿ.

ಅಮೆರಿಕದವರೇ ಆದ ಜಾರ್ಜ್ ಕ್ರಂಬ್ ಅವರ 1964ರ ‘ಫೋರ್ ನಾಕ್ಟರ್ನ್ಸ್’ ನುಡಿಸುತ್ತೇವೆಂದು ಅವರೇ ಕೇಳಬಹುದು. ಅದ್ಭುತವಾದ ಕೃತಿ, ಆದರೆ ಅದರಲ್ಲಿ ವಾದಕಿ ಪಿಯಾನೊದ ಒಳಗೆ ಕೈಹಾಕಿ ತಂತಿಗಳನ್ನೇ ಮುಟ್ಟಬೇಕು. ಬಾಡಿಗೆ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ಬೆವರು ತಾಗಿದ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ಮಂದ್ರದ ತಾಮ್ರದ ಸುತ್ತು ಕಪ್ಪಾಗಿ ಮಂಕಾಗುತ್ತದೆ. ಕೈ ತೊಳೆದು ಒರೆಸಿಕೊಂಡೇ ಮುಟ್ಟಬೇಕು, ಗುರುತಿಗೆ ತಂತಿಯ ಮೇಲೆ ಬಳಪ ಎಳೆಯದೆ ಡ್ಯಾಂಪರಿನ (ತಂತಿಯ ಮೊಳಗನ್ನು ತಡೆಯುವ ಭಾಗ) ತಲೆಯ ಮೇಲೆ ಕಿತ್ತರೆ ಕಲೆ ಉಳಿಯದ ಕಾಗದದ ಚುಕ್ಕಿ ಅಂಟಿಸಬೇಕು, ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು. ಒಳಗಿನ ಕಬ್ಬಿಣದ ಅಡ್ಡಪಟ್ಟಿಗಳು ಒಂದೊಂದು ಮಾದರಿಯಲ್ಲಿ ಒಂದೊಂದು ಕಡೆ ಇರುತ್ತವೆ. ಬೇಕಾದ ತಂತಿಯ ಬೇಕಾದ ಬಿಂದುವಿನ ಮೇಲೇ ಪಟ್ಟಿ ಬಂದರೆ ಆ ಸ್ವರ ಸಿಗುವುದೇ ಇಲ್ಲ. ಅದಕ್ಕೇ ವಾದಕಿ ಅದೇ ಪಿಯಾನೊವನ್ನು ಬೆಂಗಳೂರಿನಲ್ಲೇ ಮೊದಲು ನೋಡಿ ಬರಲಿ.

ದುಡ್ಡು ಹೊಂದದೆ ಡಿಜಿಟಲ್ ಪಿಯಾನೊಗೆ ಇಳಿಯಬೇಕಾದರೆ? ಕ್ರಂಬ್ ಸಾಧ್ಯವೇ ಇಲ್ಲ, ಫ್ರಾಟ್ರೆಸ್ ಸೊರಗುತ್ತದೆ. ಕೇಜ್ ಅವರ ‘ಸಿಕ್ಸ್ ಮೆಲೊಡೀಸ್’ ‘ವಯೊಲಿನ್ ಮತ್ತು ಕೀಬೋರ್ಡ್’ಗೆಂದೇ ಬರೆದದ್ದಾದ್ದರಿಂದ ನಿಲ್ಲುತ್ತದೆ, ‘ಶ್ಪೀಗೆಲ್’ ಕೂಡ ನಡೆಯುತ್ತದೆ. 88 ಕೀ, ಭಾರವಿರುವ ಕೀಗಳದ್ದೇ ಆಗಬೇಕು. ಅದರ ಧ್ವನಿಯನ್ನು ಸಭಾಂಗಣದ ಗೋಡೆಯ ಸ್ಪೀಕರಿಗೆ ಕೊಡದೆ, 12 ಇಂಚಿನ ಎರಡು ಸ್ಪೀಕರ್‌ಗಳನ್ನು ವೇದಿಕೆಯ ಮೇಲೆ ವಾದ್ಯದ ಪಕ್ಕದಲ್ಲೇ ಇಡಿ. ವಯೊಲಿನ್ ಇರುವ ಕಡೆಯಿಂದಲೇ ಪಿಯಾನೊವೂ ಕೇಳಬೇಕು.

ಪುಟ ತಿರುವುವವರು ಸ್ವರಲಿಪಿ ಓದಬಲ್ಲವರೇ ಆಗಿರಲಿ, ಅಭ್ಯಾಸಕ್ಕೂ ಬರಲಿ. ಟ್ಯಾಬ್ಲೆಟ್ ಬಳಸುವುದಾದರೆ ಚಾರ್ಜ್ ತುಂಬಿರಲಿ, ಫ್ಲೈಟ್ ಮೋಡ್‌ನಲ್ಲಿರಲಿ. ಸ್ವರಹಾಳೆಯ ಸ್ಟ್ಯಾಂಡ್ ಮಡಚುವ ತಂತಿಯದು ಬೇಡ, ಅದು ಕೆಲವು ಸ್ವರಗಳಿಗೆ ಝಣಝಣ ಎನ್ನುತ್ತದೆ.

ದೀಪ ಬೆಳಗುವುದು, ಸ್ವಾಗತ, ಅತಿಥಿಗಳ ಮಾತು ಎಲ್ಲ ಶುರುವಿನಲ್ಲೇ ಹತ್ತು ನಿಮಿಷಕ್ಕೆ ಮುಗಿಯಲಿ. ದೀಪಸ್ತಂಭ ಪಿಯಾನೊದಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ಪಿಯಾನೊದ ಮೇಲೆ ಹೂದಾನಿ, ನೀರಿನ ಲೋಟ, ಫಲತಾಂಬೂಲದ ತಟ್ಟೆ ಯಾವುದನ್ನೂ ಇಡಲೇಬಾರದು, ಒಂದು ಲೋಟ ನೀರು ಒಳಗೆ ಹೋದರೆ ದುರಸ್ತಿ ಲಕ್ಷಗಳ ಮಾತು. ಶಾಲು, ಪೇಟ, ಹಾರ ಎಲ್ಲ ಕೊನೆಗೆ. ಮಧ್ಯೆ ಸನ್ಮಾನ ಮಾಡಿದರೆ ಕಲಾವಿದರ ಕೈ ತಣ್ಣಗಾಗುತ್ತದೆ, ವಯೊಲಿನ್‌ನ ಶ್ರುತಿ ಹೋಗುತ್ತದೆ. ಕಛೇರಿಯ ನಂತರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸುವ ಆಸೆ ಇದ್ದರೆ ತರಿಸಿ, ಆದರೆ ತಟ್ಟೆ–ಲೋಟದ ಸದ್ದು ಒಳಗೆ ಬಾರದಷ್ಟು ದೂರದಲ್ಲಿ ಜೋಡಿಸಲಿ.

ಸಭಿಕರಿಗೆ ಕನ್ನಡದಲ್ಲಿ ಒಂದು ಪುಟದ ಹಾಳೆ ಕೊಡಿ. ಮಡಿಸದ, ಸ್ವಲ್ಪ ದಪ್ಪನೆಯ, ಸರಪರ ಎನ್ನದ ಕಾಗದ. ಪ್ರತಿ ಕೃತಿಗೆ ಮೂರು ಸಾಲು ಸಾಕು: ಯಾರದ್ದು, ಎಷ್ಟು ನಿಮಿಷ, ಯಾವುದನ್ನು ಹಿಡಿದು ಕೇಳಬೇಕು. ಯಾವಾಗ ಚಪ್ಪಾಳೆ ಎಂಬುದನ್ನೂ ಬರೆಯಿರಿ: ವಾದಕರು ಇಬ್ಬರೂ ಕೈ ಕೆಳಗಿಳಿಸಿದ ಮೇಲೆ. ಮೌನ ಬಂದ ಮಾತ್ರಕ್ಕೆ ಮುಗಿಯಿತೆಂದಲ್ಲ. ನಿರೂಪಕರು ಪ್ರತಿ ಕೃತಿಗೂ ಮುಂಚೆ ಎರಡು ನಿಮಿಷ ಮಾತಾಡಿ, ಪಿಯಾನೊ ವಾದಕಿಯಿಂದ ಫ್ರಾಟ್ರೆಸ್‌ನ ಆ ಎ–ಇ ಸ್ವರವನ್ನು ಒಮ್ಮೆ ನುಡಿಸಿ ತೋರಿಸಿದರೆ ಇನ್ನೂ ಒಳ್ಳೆಯದು. ‘ಇದು ನಮ್ಮ ಊರಿಗೆ ಎಲ್ಲಿಯದು’ ಎನ್ನುವವರಿಗೆ ಹೇಳಲು ಒಂದು ಮಾತಿದೆ. ಈ ಜಿಲ್ಲೆ ಹಳೆಯ ಮೈಸೂರು ಸಂಸ್ಥಾನದ್ದು. ಆ ಸಂಸ್ಥಾನದ ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಪಿಯಾನೊ ಬಲ್ಲವರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಆಗಿನ್ನೂ ಬದುಕಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು, ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ) ಒಡೆಯರ್ ಅವರಿಗೇ ಅರ್ಪಿಸಿದರು. ತಮ್ಮ ಕಾಲದ ಸಂಗೀತಗಾರರನ್ನು ದೂರದೇಶದವರೆಂದು ಬಿಡದೆ ಕೇಳಿದ ರಾಜರ ನಾಡು ಇದು.

ಕೊನೆಯದಾಗಿ ಹಕ್ಕುಸ್ವಾಮ್ಯ. ಭಾರತದ ಕಾಯ್ದೆಯಲ್ಲಿ ಕೃತಿಕಾರರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಮೆಸಿಯಾಂ, ಕೇಜ್ ಇಬ್ಬರೂ ತೀರಿಕೊಂಡದ್ದು 1992ರಲ್ಲಿ, ಅಂದರೆ ಈ ಪಟ್ಟಿಯಲ್ಲಿರುವ ಎಲ್ಲವೂ ಹಕ್ಕಿನೊಳಗೇ ಇವೆ. ಹವ್ಯಾಸಿ ಬಳಗವೊಂದು ಟಿಕೆಟ್ ಇಲ್ಲದೆ ನಡೆಸುವ ಪ್ರದರ್ಶನಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ, ಆದರೆ ಸಂಭಾವನೆ ಪಡೆಯುವ ವೃತ್ತಿಪರ ಕಲಾವಿದರನ್ನು ಕರೆಸಿದಾಗ ಅದನ್ನೇ ನೆಚ್ಚಬೇಡಿ. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಗೆ ಕೃತಿಗಳ ಪಟ್ಟಿ ಕೊಟ್ಟು ಒಂದು ತಿಂಗಳು ಮುಂಚೆ ಪರವಾನಗಿ ಕೇಳಿ. ಸ್ವರಹಾಳೆಗಳು ಕೊಂಡವೇ ಆಗಿರಲಿ ಎಂದು ಕಲಾವಿದರಿಗೆ ಹೇಳಿ. ಕಛೇರಿಯ ವಿಡಿಯೊವನ್ನು ಅಂತರ್ಜಾಲಕ್ಕೆ ಹಾಕುವುದು ಬೇರೆಯೇ ಅನುಮತಿಯ ವಿಷಯ, ಅದಕ್ಕೆ ಪ್ರಕಾಶಕರನ್ನೂ ಕಲಾವಿದರನ್ನೂ ಕೇಳಬೇಕು. ಉತ್ತರ ಬರುವವರೆಗೆ ಬಳಗದ ದಾಖಲೆಗೆಂದು ಇಟ್ಟುಕೊಳ್ಳಿ, ಹಾಕಬೇಡಿ.